ಶುಗರ್ ಬೌಲ್: ಸಕ್ಕರೆ ಬಟ್ಟಲಿನ ಕಹಿ ಕರಗಿದ ಬಗೆ

ಅಮೆರಿಕದಲ್ಲಿ ಹೊಸ ವರ್ಷ ಬಂತೆಂದರೆ ಕಾಲೇಜು ಹುಡುಗರ ಫುಟ್ಬಾಲ್ ಪಂದ್ಯಗಳ ಗದ್ದಲ. ಇದು ನಮ್ಮ ಮಕ್ಕಳು ಗದ್ದೆಯಲ್ಲಿ ಆಡುವ ಫುಟ್ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡುವ, ಎದುರಾಳಿಯನ್ನು ಹಿಡಿದು ಕೆಡಹುವ ಆಟ. ಇಂಥ ದೊಡ್ಡ ಪಂದ್ಯಗಳಿಗೆ ಅಲ್ಲಿ ‘ಬೌಲ್’ ಎಂದು ಹೆಸರು. ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ಬಟ್ಟಲಿನಂತಿರುವ ಕ್ರೀಡಾಂಗಣವನ್ನು ರೋಸ್ ಬೌಲ್ ಎಂದು ಕರೆದರು. ಅದನ್ನು ನೋಡಿ ಬೇರೆ ಊರಿನವರೂ ತಮ್ಮ ಪಂದ್ಯಗಳಿಗೆ ಬೌಲ್ ಅಂತಲೇ ಹೆಸರಿಟ್ಟರು. ನಾವು ಇಲ್ಲಿ ಹೇಳಹೊರಟಿರುವುದು ನ್ಯೂ ಆರ್ಲಿಯನ್ಸ್ ನಗರದ ಶುಗರ್ ಬೌಲ್ ಕಥೆ.

ಆ ನಗರದ ‘ಐಟಂ’ ಪತ್ರಿಕೆಯ ಮಾಲೀಕ ಜೇಮ್ಸ್ ಥಾಮ್ಸನ್ ಮತ್ತು ಕ್ರೀಡಾ ಸಂಪಾದಕ ಫ್ರೆಡ್ ಡಿಗ್ಬಿ 1927ರಿಂದಲೇ ‘ನಮ್ಮ ಊರಲ್ಲೂ ಒಂದು ಪಂದ್ಯ ಆಗಲಿ’ ಎಂದು ಬರೆಯುತ್ತಾ ಬಂದರು. ಕೊನೆಗೆ 1935ರ ಜನವರಿ 1ರಂದು ಟುಲೇನ್ ವಿಶ್ವವಿದ್ಯಾಲಯದ ಮೈದಾನದಲ್ಲಿ ಮೊದಲ ಪಂದ್ಯ ನಡೆಯಿತು. ಸುಮಾರು 22 ಸಾವಿರ ಜನ ಸೇರಿದ್ದರು. ಟುಲೇನ್ ತಂಡ ಟೆಂಪಲ್ ತಂಡವನ್ನು 20–14ರಿಂದ ಸೋಲಿಸಿತು.

ಶುಗರ್ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಆ ಮೈದಾನ ಇದ್ದ ಜಾಗ ಹಿಂದೆ ಎಟಿಯೆನ್ ದ ಬೋರೆ ಎಂಬವರ ಕಬ್ಬಿನ ತೋಟ. 1795ರಲ್ಲಿ ಅವರು ಕಬ್ಬಿನ ಹಾಲಿನಿಂದ ಹರಳು ಸಕ್ಕರೆ ತೆಗೆದ ಮೇಲೆ ಲೂಸಿಯಾನದಲ್ಲಿ ಸಕ್ಕರೆ ದೊಡ್ಡ ವ್ಯಾಪಾರವಾಯಿತು. ಆದರೆ ಆ ಕಬ್ಬನ್ನು ಕಡಿದವರು, ಗಾಣದ ಬಳಿ ಬೆಂದವರು ಯಾರು? ಆಫ್ರಿಕಾದಿಂದ ಹಿಡಿದು ತಂದ ಗುಲಾಮರು, ಅವರ ಮಕ್ಕಳು. ಗುಲಾಮಗಿರಿ ಕಾನೂನಿನಲ್ಲಿ ಮುಗಿದು ಎಷ್ಟೋ ಕಾಲವಾದರೂ ಅವರ ಮೊಮ್ಮಕ್ಕಳಿಗೆ ಆ ಮೈದಾನದಲ್ಲಿ ಬಿಳಿಯರ ಜೊತೆ ಆಡಲು ಅವಕಾಶವಿರಲಿಲ್ಲ.

ಇಲ್ಲಿ ಬರುತ್ತಾರೆ ಬಾಬಿ ಗ್ರಿಯರ್. ಒಹಾಯೋ ರಾಜ್ಯದ ಕಪ್ಪು ವರ್ಣೀಯ ಯುವಕ, ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಆಟಗಾರ. 1956ರ ಶುಗರ್ ಬೌಲ್‌ಗೆ ಪಿಟ್ಸ್‌ಬರ್ಗ್ ಮತ್ತು ಜಾರ್ಜಿಯಾ ಟೆಕ್ ತಂಡಗಳು ಆಯ್ಕೆಯಾದವು. ಅದೇ ಹೊತ್ತಿಗೆ, 1955ರ ಡಿಸೆಂಬರ್ 1ರಂದು, ಅಲಬಾಮಾದ ಮಾಂಟ್‌ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಬಸ್ಸಿನ ಸೀಟು ಬಿಡಲ್ಲ ಅಂತ ಕೂತು ಬಂಧನಕ್ಕೊಳಗಾಗಿದ್ದರು. ಮರುದಿನವೇ ಜಾರ್ಜಿಯಾ ರಾಜ್ಯಪಾಲ ಮಾರ್ವಿನ್ ಗ್ರಿಫಿನ್, ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿಗೆ ತಂತಿ ಕಳಿಸಿದರು: ಕಪ್ಪು ಆಟಗಾರ ಇರುವ ಪಂದ್ಯಕ್ಕೆ ನಮ್ಮ ರಾಜ್ಯದ ತಂಡ ಹೋಗಕೂಡದು.

ಆಗ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಜಾರ್ಜಿಯಾ ಟೆಕ್‌ನ ಬಿಳಿಯ ವಿದ್ಯಾರ್ಥಿಗಳೇ ಬೀದಿಗಿಳಿದರು. ರಾಜ್ಯಪಾಲರ ಪ್ರತಿಕೃತಿ ಮಾಡಿ, ಅವರ ಮನೆಯ ತನಕ ಮೆರವಣಿಗೆ ಹೋದರು. ಅವರೆಲ್ಲ ಸಮಾನತೆಯ ಹೋರಾಟಗಾರರು ಎಂದು ತಿಳಿಯಬೇಡಿ. ಅನೇಕರಿಗೆ ತಮ್ಮ ತಂಡ ಆಡಬೇಕು ಎಂಬುದಷ್ಟೇ ಇತ್ತು. ಆದರೂ ದ್ವೇಷದ ಮಾತು ತಮ್ಮ ಆಟವನ್ನೇ ಕಸಿಯಲು ಬಂದಾಗ ಅವರು ಸುಮ್ಮನಿರಲಿಲ್ಲ. ಕಾಲೇಜಿನ ಅಧ್ಯಕ್ಷ ಬ್ಲೇಕ್ ವ್ಯಾನ್ ಲೀರ್ ಕೂಡ ಬಗ್ಗಲಿಲ್ಲ. ಅತ್ತ ಪಿಟ್ಸ್‌ಬರ್ಗ್‌ನವರು ಗ್ರಿಯರ್ ಇಲ್ಲದೆ ನಾವು ಆಡಲ್ಲ ಎಂದುಬಿಟ್ಟರು. ಕೊನೆಗೆ ಮಂಡಳಿ ಈ ಪಂದ್ಯಕ್ಕೆ ಒಪ್ಪಿಗೆ ಕೊಟ್ಟಿತು. ಜಾರ್ಜಿಯಾದೊಳಗಿನ ಪಂದ್ಯಗಳಿಗೆ ಮಾತ್ರ ಹಳೆಯ ಭೇದ ಹಾಗೇ ಉಳಿಯಿತು.

1956ರ ಜನವರಿ 2ರಂದು ಗ್ರಿಯರ್ ಮೈದಾನಕ್ಕಿಳಿದರು. ಶುಗರ್ ಬೌಲ್ ಆಡಿದ ಮೊದಲ ಕಪ್ಪು ವರ್ಣೀಯ ಅವರು. ಆ ದಿನದ ವಿಧಿ ನೋಡಿ: ಚೆಂಡು ಹಿಡಿಯಲು ಹೋದ ಎದುರಾಳಿಗೆ ಅಡ್ಡಿ ಮಾಡಿದರೆಂದು ರೆಫರಿ ಗ್ರಿಯರ್ ಮೇಲೆಯೇ ದಂಡ ಹಾಕಿದರು. ಚೆಂಡು ಗೆರೆಯಿಂದ ಒಂದು ಗಜ ದೂರಕ್ಕೆ ಬಂತು, ಜಾರ್ಜಿಯಾ ಟೆಕ್ ಅಂಕ ಗಳಿಸಿತು. ಇಡೀ ಪಂದ್ಯದಲ್ಲಿ ಬಂದ ಅಂಕ ಅಷ್ಟೇ, 7–0. ಆ ತೀರ್ಪು ಸರಿಯೇ ತಪ್ಪೇ ಎಂಬ ಜಗಳ ಹಲವು ದಶಕ ನಡೆಯಿತು. ಗ್ರಿಯರ್ ಮಾತ್ರ ಕಹಿ ಇಟ್ಟುಕೊಂಡು ಬದುಕಲಿಲ್ಲ. ಮುಂದೆ ವಾಯುಸೇನೆಯಲ್ಲಿ ಕೆಲಸ ಮಾಡಿದರು, 2024ರಲ್ಲಿ ತೀರಿಕೊಂಡರು.

ಒಂದು ಬಾಗಿಲು ತೆರೆಯಿತು ಎನ್ನುವಷ್ಟರಲ್ಲಿ ಮತ್ತೆ ಮುಚ್ಚಿತು. ಅದೇ 1956ರಲ್ಲಿ ಲೂಸಿಯಾನ ಸರಕಾರ ಬಿಳಿಯರು ಮತ್ತು ಕಪ್ಪು ವರ್ಣೀಯರು ಒಟ್ಟಿಗೆ ಆಡುವುದನ್ನೇ ನಿಷೇಧಿಸುವ ಕಾನೂನು ತಂದಿತು. ಇದರ ವಿರುದ್ಧ ಕೋರ್ಟಿಗೆ ಹೋದವರು ದೊಡ್ಡ ನಾಯಕರಲ್ಲ. ಜೋಸೆಫ್ ಡಾರ್ಸಿ ಎಂಬ ಕಪ್ಪು ವರ್ಣೀಯ ಬಾಕ್ಸರ್. ಬಿಳಿಯರ ಜೊತೆ ಸ್ಪರ್ಧಿಸಲು ಬಿಡದಿದ್ದರೆ ಅವರ ಹೊಟ್ಟೆಪಾಡಿಗೇ ಕಲ್ಲು. 1959ರಲ್ಲಿ ಸುಪ್ರೀಂ ಕೋರ್ಟ್ ಡಾರ್ಸಿ ಪರವಾದ ತೀರ್ಪನ್ನು ಎತ್ತಿಹಿಡಿಯಿತು. ಆದರೆ ಕಾಗದದ ತೀರ್ಪು ಮೈದಾನಕ್ಕೆ ಬರಲು ಮತ್ತೂ ಸಮಯ ಹಿಡಿಯಿತು. 1965ರ ಜನವರಿ 1ರಂದು ಸಿರಾಕ್ಯೂಸ್ ತಂಡದ ಕಪ್ಪು ವರ್ಣೀಯ ಆಟಗಾರರು ಅಲ್ಲಿ ಲೂಸಿಯಾನದ್ದೇ ತಂಡದ ಎದುರು ಆಡಿದರು.

1975ರ ಡಿಸೆಂಬರ್ ಕೊನೆಯಲ್ಲಿ ಪಂದ್ಯ ಸೂಪರ್‌ಡೋಮ್ ಎಂಬ ಚಾವಣಿಯುಳ್ಳ ಕ್ರೀಡಾಂಗಣಕ್ಕೆ ಹೋಯಿತು. ಈ ಹೆಸರು ನಮ್ಮ ಹಿರಿಯರಲ್ಲಿ ಕೆಲವರಿಗೆ ನೆನಪಿರಬಹುದು. 1978ರ ಸೆಪ್ಟೆಂಬರ್ 15ರಂದು ಮುಹಮ್ಮದ್ ಅಲಿಯವರು ಲಿಯಾನ್ ಸ್ಪಿಂಕ್ಸ್‌ರನ್ನು ಸೋಲಿಸಿ ಮೂರನೇ ಸಲ ವಿಶ್ವ ಹೆವಿವೇಯ್ಟ್ ಚಾಂಪಿಯನ್ ಆದದ್ದು ಇದೇ ಛಾವಣಿಯ ಕೆಳಗೆ.

2005ರ ಆಗಸ್ಟ್‌ನಲ್ಲಿ ಕತ್ರೀನಾ ಚಂಡಮಾರುತ ಬಂದಾಗ ಸಾವಿರಾರು ಜನ ಜೀವ ಉಳಿಸಿಕೊಳ್ಳಲು ಅಲ್ಲೇ ಸೇರಿದರು. ಚಾವಣಿಯೇ ಹರಿಯಿತು. ಮುಂದಿನ ಶುಗರ್ ಬೌಲ್ ಅಟ್ಲಾಂಟಾದಲ್ಲಿ ನಡೆದು, 2007ರ ಜನವರಿಯಲ್ಲಿ ವಾಪಸು ಊರಿಗೆ ಬಂತು.

2025ರ ಹೊಸ ವರ್ಷದ ಬೆಳಗಿನ ಜಾವ ಬರ್ಬನ್ ಬೀದಿಯಲ್ಲಿ ಒಬ್ಬ ಜನರ ಮೇಲೆ ವಾಹನ ಹರಿಸಿ 14 ಮಂದಿಯನ್ನು ಕೊಂದ. ಅವನ ಗಾಡಿಯಲ್ಲಿ ಐಸಿಸ್ ಬಾವುಟ ಇತ್ತು. ನಿರಪರಾಧಿಯ ಒಂದು ಜೀವ ತೆಗೆಯುವುದೂ ನಮ್ಮ ದೀನ್‌ನಲ್ಲಿ ಮಹಾ ಪಾಪ. ಇದನ್ನು ನಾವು ಮಕ್ಕಳಿಗೆ ಮನೆಯಲ್ಲೂ ಮದ್ರಸದಲ್ಲೂ ಬಾಯಿಬಿಟ್ಟು ಹೇಳಬೇಕು. ಪಂದ್ಯ ಒಂದು ದಿನ ಮುಂದಕ್ಕೆ ಹೋಗಿ ಜನವರಿ 2ರಂದು ನಡೆಯಿತು. ನಾಟರ್ ಡೇಮ್ ತಂಡ ಜಾರ್ಜಿಯಾವನ್ನು 23–10ರಿಂದ ಸೋಲಿಸಿತು.

ಆ ಜಾರ್ಜಿಯಾ ತಂಡ, ಕಪ್ಪು ಹುಡುಗನ ಜೊತೆ ಆಡಕೂಡದು ಎಂದು ತಂತಿ ಹೋದ ಅದೇ ರಾಜ್ಯದ್ದು. ಇಂದು ಅದರಲ್ಲಿ ಕಪ್ಪು ವರ್ಣೀಯ ಆಟಗಾರರು ಹಲವರಿದ್ದಾರೆ. ನಮ್ಮ ಊರಿನ ಟೂರ್ನಮೆಂಟ್ ನಡೆಸುವ ಯುವಕರೂ ಇದನ್ನು ಗಮನಿಸಲಿ: ಹುಡುಗನ ಆಟ ನೋಡಿ, ಹೆಸರು ಆಮೇಲೆ ಕೇಳಿ.