ಇಂಗ್ಲಿಷ್ ಬರವಣಿಗೆಯಲ್ಲಿ ಮುಗಿಯದ ವಾಕ್ಯಗಳು: ಕಾರಣ ಮತ್ತು ತಿದ್ದುವ ಬಗೆ

ಕನ್ನಡ ಮಾಧ್ಯಮದ ಏಳು, ಎಂಟನೆಯ ತರಗತಿಗಳ ಇಂಗ್ಲಿಷ್ ನೋಟುಪುಸ್ತಕಗಳಲ್ಲಿ ಒಂದು ಬಗೆಯ ದೋಷವು ಮತ್ತೆ ಮತ್ತೆ ಕಂಡುಬರುತ್ತದೆ. ಸ್ಪೆಲ್ಲಿಂಗ್ ಸರಿಯಿರುತ್ತದೆ, ಕ್ರಿಯಾಪದದ ಕಾಲವೂ ಸರಿಯಿರುತ್ತದೆ. ಆದರೆ ವಾಕ್ಯವು ಎಲ್ಲಿ ಮುಗಿಯಿತೆಂಬುದು ಮಾತ್ರ ತಿಳಿಯುವುದಿಲ್ಲ. ‘ಐ ಗಾಟ್ ಅಪ್ ಐ ಹ್ಯಾಡ್ ಎ ಬಾತ್ ಐ ಏಟ್ ದೋಸೆ ಐ ವೆಂಟ್ ಟು ಸ್ಕೂಲ್’ ಎಂಬಂತಹ ಬರಹವನ್ನು ಇಂಗ್ಲಿಷ್ ವ್ಯಾಕರಣವು ರನ್-ಆನ್ ವಾಕ್ಯವೆಂದು ಕರೆಯುತ್ತದೆ. ಪೂರ್ಣ ವಾಕ್ಯಗಳ ನಡುವೆ ಯಾವ ಚಿಹ್ನೆಯೂ ಇಲ್ಲದಿರುವುದು ಇದರ ಒಂದು ರೂಪ. ಅಲ್ಪವಿರಾಮ ಒಂದನ್ನೇ ಇಟ್ಟು ಅವುಗಳನ್ನು ಅಂಟಿಸುವುದು ಇನ್ನೊಂದು ರೂಪ. ಅದಕ್ಕೆ ಕಾಮಾ ಸ್ಪ್ಲೈಸ್ ಎಂಬ ಹೆಸರಿದೆ. (ಇಲ್ಲಿನ ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ, ಕರಿಹಲಗೆಯ ಮೇಲೆ ಇವನ್ನು ಇಂಗ್ಲಿಷ್ ಲಿಪಿಯಲ್ಲಿಯೇ ಬರೆಯತಕ್ಕದ್ದು.)

ಇದನ್ನು ಮಗುವಿನ ಅಜಾಗರೂಕತೆಯೆಂದು ಭಾವಿಸುವುದು ಸುಲಭ, ಆದರೆ ಸರಿಯಲ್ಲ. ಇದೇ ಸಂಗತಿಯನ್ನು ಕನ್ನಡದಲ್ಲಿ ‘ಎದ್ದು, ಸ್ನಾನ ಮಾಡಿ, ದೋಸೆ ತಿಂದು ಶಾಲೆಗೆ ಹೋದೆನು’ ಎಂದು ಹೇಳುತ್ತೇವೆ. ನಾಲ್ಕು ಕೆಲಸಗಳಿದ್ದರೂ ಪೂರ್ಣಕ್ರಿಯಾಪದ ಒಂದೇ. ಉಳಿದ ಮೂರೂ ಕೃದಂತಾವ್ಯಯಗಳು. ‘ನಾನು’ ಎಂಬ ಕರ್ತೃಪದವಂತೂ ಬರಲೇ ಇಲ್ಲ. ಇಂಗ್ಲಿಷಿಗೆ ಹೋದಾಗ ಪ್ರತಿಯೊಂದು ಕ್ರಿಯೆಗೂ ಕರ್ತೃವೂ ಕಾಲವೂ ಬೇಕೆಂಬುದನ್ನು ಮಗು ಕಲಿತಿದೆ, ಅದನ್ನು ಸರಿಯಾಗಿಯೇ ಮಾಡಿದೆ. ಆದರೆ ಮನಸ್ಸಿನಲ್ಲಿ ಅದು ಇನ್ನೂ ಒಂದೇ ವಾಕ್ಯ. ಕನ್ನಡದ ಒಂದು ವಾಕ್ಯವು ಇಂಗ್ಲಿಷಿನಲ್ಲಿ ನಾಲ್ಕಾಗಿ ಒಡೆದದ್ದು ಅದರ ಗಮನಕ್ಕೆ ಬಂದಿಲ್ಲ.

ಗಡಿಯಾಚೆಯ ಶಾಲೆಗಳಲ್ಲಿ ಮಗು ಕೇಳುವ ಎರಡನೆಯ ಭಾಷೆಯೂ ಈ ವಿಷಯದಲ್ಲಿ ನೆರವಿಗೆ ಬರುವುದಿಲ್ಲ. ಮಲಯಾಳ, ತಮಿಳು, ತೆಲುಗುಗಳ ವಾಕ್ಯರಚನೆಯೂ ಇದೇ ಜಾಡಿನದು. ಮರಾಠಿ ಬೇರೆ ಭಾಷಾವರ್ಗಕ್ಕೆ ಸೇರಿದ್ದರೂ ‘ಕರೂನ್’, ‘ಜಾಊನ್’ ಎಂಬ ರೂಪಗಳಿಂದ ಕ್ರಿಯೆಗಳನ್ನು ಹೀಗೆಯೇ ಪೋಣಿಸುತ್ತದೆ. ಆದ್ದರಿಂದ ಕಾಸರಗೋಡಿನ ಮಗುವಿಗೂ ಜತ್ತಿನ ಮಗುವಿಗೂ ಎಡವುವ ಕಲ್ಲು ಒಂದೇ. ವಾಕ್ಯದ ಆರಂಭವನ್ನು ಸೂಚಿಸುವ ದೊಡ್ಡಕ್ಷರವು ಕನ್ನಡ ಲಿಪಿಯಲ್ಲಿ ಇಲ್ಲದಿರುವುದೂ ಒಂದು ತೊಡಕು.

ಉದ್ದವಾದ ವಾಕ್ಯವೆಲ್ಲ ರನ್-ಆನ್ ಎಂಬ ತಪ್ಪು ತಿಳಿವಳಿಕೆ ಶಿಕ್ಷಕರಲ್ಲಿಯೂ ಉಂಟು. ‘ಇಟ್ ರೇನ್ಡ್, ವಿ ಸ್ಟೇಡ್’ ಎಂಬ ನಾಲ್ಕು ಪದಗಳ ವಾಕ್ಯ ದೋಷಯುಕ್ತ; ಐವತ್ತು ಪದಗಳ ಮಿಶ್ರವಾಕ್ಯ ನಿರ್ದುಷ್ಟವಾಗಿರಬಹುದು. ನೋಡಬೇಕಾದುದು ಉದ್ದವನ್ನಲ್ಲ, ಜೋಡಣೆಯನ್ನು.

ವಾಕ್ಯದ ಗಡಿಯನ್ನು ಗುರುತಿಸಲು ‘ಉಸಿರು ನಿಲ್ಲುವಲ್ಲಿ ಚುಕ್ಕೆ ಇಡು’ ಎಂದು ಹೇಳಿಕೊಡುವ ರೂಢಿಯಿದೆ. ಇದು ನೆಚ್ಚತಕ್ಕ ಉಪಾಯವಲ್ಲ. ಮಗು ಅಲ್ಪವಿರಾಮದಲ್ಲಿಯೂ ಉಸಿರು ನಿಲ್ಲಿಸುತ್ತದೆ. ಇದಕ್ಕಿಂತ ಪ್ರಶ್ನೆಯ ಪರೀಕ್ಷೆ ಮೇಲು. ‘ದಿ ಬಸ್ ಕೇಮ್ ಲೇಟ್, ವಿ ಮಿಸ್ಡ್ ದಿ ಫಸ್ಟ್ ಪೀರಿಯಡ್’ ಎಂಬುದನ್ನು ತೆಗೆದುಕೊಳ್ಳಬಹುದು. ‘ಡಿಡ್ ದಿ ಬಸ್ ಕಮ್ ಲೇಟ್?’ ಎಂದು ಮೊದಲ ಭಾಗವನ್ನು ‘ಹೌದು’, ‘ಇಲ್ಲ’ ಎಂಬ ಉತ್ತರ ಬರುವ ಪ್ರಶ್ನೆಯಾಗಿಸಬಹುದು. ‘ಡಿಡ್ ವಿ ಮಿಸ್ ದಿ ಫಸ್ಟ್ ಪೀರಿಯಡ್?’ ಎಂದು ಎರಡನೆಯದನ್ನೂ ಹಾಗೆಯೇ ಮಾಡಬಹುದು. ಎರಡೂ ಸ್ವತಂತ್ರವಾಗಿ ಪ್ರಶ್ನೆಗಳಾದುದರಿಂದ ಎರಡೂ ಪೂರ್ಣ ವಾಕ್ಯಗಳು. ಅಲ್ಪವಿರಾಮ ಒಂದೇ ಅವುಗಳನ್ನು ಹಿಡಿದಿಡಲಾರದು.

ತಿದ್ದುವ ದಾರಿಗಳು ಹಲವು, ಆದರೆ ಅವು ಸಮಾನಾರ್ಥಕವಲ್ಲ. ನಡುವೆ ಪೂರ್ಣವಿರಾಮವಿಟ್ಟು ದೊಡ್ಡಕ್ಷರದಿಂದ ಮುಂದುವರಿದರೆ ಎರಡು ಸಂಗತಿಗಳು ಅಕ್ಕಪಕ್ಕ ನಿಲ್ಲುತ್ತವೆ. ಸಂಬಂಧವನ್ನು ಓದುಗನೇ ಊಹಿಸಬೇಕು. ಅಲ್ಪವಿರಾಮದ ಜೊತೆಗೆ ‘ಸೋ’ ಸೇರಿಸಿದರೆ ಎರಡನೆಯದು ಪರಿಣಾಮವೆಂದು ಸ್ಪಷ್ಟವಾಗುತ್ತದೆ. ‘ಬಿಕಾಸ್ ದಿ ಬಸ್ ಕೇಮ್ ಲೇಟ್’ ಎಂದು ಆರಂಭಿಸಿದರೆ ಬಸ್ಸಿನ ಸಂಗತಿ ಅಧೀನ ವಾಕ್ಯವಾಗಿ ಪೀರಿಯಡ್ ತಪ್ಪಿದ್ದೇ ಮುಖ್ಯವಾಗುತ್ತದೆ. ಆಗ ನಡುವಿನ ಅಲ್ಪವಿರಾಮ ಒಂದೇ ಸಾಕು. ಅರ್ಧವಿರಾಮವನ್ನು ಪ್ರೌಢಶಾಲೆಯವರೆಗೆ ಮುಂದೂಡಿದರೆ ನಷ್ಟವಿಲ್ಲ. ‘ನೀನು ಹೇಳಬೇಕೆಂದಿದ್ದುದು ಯಾವುದು?’ ಎಂದು ಮಗುವನ್ನು ಕನ್ನಡದಲ್ಲಿಯೇ ಕೇಳಿ, ಅದು ‘ಬಸ್ಸು ತಡವಾದ್ದರಿಂದ’ ಎಂದರೆ ‘ಬಿಕಾಸ್’ ಕೊಡುವುದು ಸರಿಯಾದ ಕ್ರಮ. ಕನ್ನಡದ ಸಾಮಾನ್ಯ, ಸಂಯೋಜಿತ, ಮಿಶ್ರ ವಾಕ್ಯಗಳ ಪಾಠವು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

‘ದೆನ್’, ‘ಹೌಎವರ್’, ‘ದೇರ್‌ಫೋರ್’ ಪದಗಳ ಬಗ್ಗೆ ಎಚ್ಚರ ಬೇಕು. ಕನ್ನಡದ ‘ಆದರೆ’ ಎಂಬುದು ‘ಬಟ್’ಗೂ ಸಲ್ಲುತ್ತದೆ, ‘ಹೌಎವರ್’ಗೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಅಲ್ಪವಿರಾಮದೊಡನೆ ವಾಕ್ಯಗಳನ್ನು ಕೂಡಿಸುವ ಅಧಿಕಾರ ‘ಬಟ್’ಗೆ ಮಾತ್ರ, ‘ಹೌಎವರ್’ ಬಂದರೆ ಹಿಂದೆ ಪೂರ್ಣವಿರಾಮವನ್ನೋ ಅರ್ಧವಿರಾಮವನ್ನೋ ಇಡಬೇಕು.

ಚುಕ್ಕೆ ಇಡಬೇಕೆಂದು ಒತ್ತಿ ಹೇಳಿದ ಮೇಲೆ ಕೆಲವು ಮಕ್ಕಳು ಎದುರು ದಿಕ್ಕಿಗೆ ಜಾರುವುದುಂಟು. ‘ಅವನು ಬರಲಿಲ್ಲ. ಏಕೆಂದರೆ ಮಳೆ ಬರುತ್ತಿತ್ತು’ ಎಂಬುದು ಒಳ್ಳೆಯ ಕನ್ನಡ. ಅದೇ ಧಾಟಿಯಲ್ಲಿ ‘ಬಿಕಾಸ್ ಇಟ್ ವಾಸ್ ರೇನಿಂಗ್’ ಎಂದಷ್ಟನ್ನೇ ಬರೆದು ಚುಕ್ಕೆ ಇಟ್ಟರೆ ಅದು ತುಂಡುವಾಕ್ಯ. ಪ್ರಶ್ನೆಯ ಪರೀಕ್ಷೆಗೆ ಅದು ಒಗ್ಗದೆ ಇರುವುದನ್ನು ಮಗುವೇ ಕಂಡುಕೊಳ್ಳಬಲ್ಲದು.

ಪರೀಕ್ಷೆಯ ಉತ್ತರಪತ್ರಿಕೆಯನ್ನು ನೋಡುವವರಿಗೆ ಕನ್ನಡ ತಿಳಿದಿರಬೇಕೆಂದಿಲ್ಲ. ಸಂಗತಿ ಗೊತ್ತಿದ್ದ ಮಗುವಿನ ಉತ್ತರವು ಗಡಿಯಿಲ್ಲದ ವಾಕ್ಯಗಳಿಂದಾಗಿ ಅವರಿಗೆ ಗೊಂದಲವಾಗಿ ಕಾಣುತ್ತದೆ. ‘ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ಬಾರದು’ ಎಂಬ ಮಾತು ಬೆಳೆಯುವುದೂ ಇಂತಹ ಕಡೆಯೇ. ಆ ಮಾತನ್ನು ನಂಬಿ ಪಾಲಕರು ಮಗುವನ್ನು ಬೇರೆ ಶಾಲೆಗೆ ಸೇರಿಸಿದರೆ, ಹೋಗುವುದು ಒಂದೆರಡು ಅಂಕಗಳಷ್ಟೇ ಅಲ್ಲ.

ನೋಟುಪುಸ್ತಕವನ್ನು ತಿದ್ದುವಾಗ ಪ್ರತಿ ಚುಕ್ಕೆಯನ್ನೂ ಶಿಕ್ಷಕರೇ ಕೆಂಪು ಶಾಯಿಯಲ್ಲಿ ಇಟ್ಟುಕೊಟ್ಟರೆ ಮಗು ಅದನ್ನು ನಕಲು ಮಾಡುತ್ತದೆ, ಅಷ್ಟೆ. ದೋಷವಿರುವ ಸಾಲಿನ ಅಂಚಿನಲ್ಲಿ ‘2’ ಅಥವಾ ‘3’ ಎಂದು ಅಲ್ಲಿ ಅಡಗಿರುವ ವಾಕ್ಯಗಳ ಸಂಖ್ಯೆಯನ್ನು ಬರೆದು ಪುಸ್ತಕವನ್ನು ಹಿಂದಿರುಗಿಸಬಹುದು. ಅವುಗಳನ್ನು ಹುಡುಕಿ ಬೇರ್ಪಡಿಸುವ ಕೆಲಸ ಮಗುವಿನದು. ಒಂದು ವಾರ ಈ ಒಂದೇ ದೋಷದ ಮೇಲೆ ಗಮನವಿಟ್ಟು, ಸ್ಪೆಲ್ಲಿಂಗ್ ಮುಂತಾದುವನ್ನು ಆ ವಾರದ ಮಟ್ಟಿಗೆ ಬಿಟ್ಟುಬಿಡುವುದು ಲೇಸು.