ತಿಕ್ಕುವುದಲ್ಲ, ಒತ್ತಿ ಕಾಯುವುದು

ಸೋಯಾಬೀನ್ ರಾಶಿ ಮುಗಿಯುವ ಹೊತ್ತಿಗೆ ಮಹಾರಾಷ್ಟ್ರದ ಉಮರ್ಗಾ, ನಿಲಂಗಾ, ಉದಗೀರದ ಕಡೆ ಟೊಂಕ ಹಿಡಿದವರಿಗೆ ಬರವಿಲ್ಲ. ದಿನವಿಡೀ ಬಾಗಿ ಕುಡುಗೋಲು ಆಡಿಸಿದ ಬೆನ್ನು, ಚೀಲ ಹೊತ್ತ ಕುತ್ತಿಗೆ, ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿ ರಾತ್ರಿಯೆಲ್ಲ ಸ್ಟೇರಿಂಗ್ ಹಿಡಿದ ಹೆಗಲು. ಮೊದಲು ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳುತ್ತಾರೆ, ಆಮೇಲೆ ಮಾತ್ರೆ ನುಂಗುತ್ತಾರೆ, ಅದಕ್ಕೂ ಬಗ್ಗದಿದ್ದರೆ ಫಿಸಿಯೊಥೆರಪಿಯ ಬಾಗಿಲು ತಟ್ಟುತ್ತಾರೆ. ಅಲ್ಲಿ ‘ಮಯೋಫ್ಯಾಶಿಯಲ್ ರಿಲೀಸ್’ ಮಾಡೋಣ ಎಂದರೆ ಗಾಬರಿ ಬೇಡ. ಜೋರಾಗಿ ತಿಕ್ಕಿಸಿಕೊಂಡು ರೂಢಿಯಾದವರಿಗೆ ಮೊದಲ ಸಲ ‘ಇವರೇನೂ ಮಾಡಲೇ ಇಲ್ಲವಲ್ಲ’ ಎನ್ನಿಸುವುದೇ ಹೆಚ್ಚು.

ಕುರಿ ಮಾಂಸ ಹೆಚ್ಚುವಾಗ ತುಂಡಿನ ಮೇಲೆ ಹೊಳೆಯುವ ತೆಳು ಬಿಳಿ ಪೊರೆ ಕಂಡಿರುತ್ತೀರಿ. ಫ್ಯಾಶಿಯಾ ಎಂದರೆ ಅದೇ. ನಮ್ಮ ಮೈಯಲ್ಲೂ ಪ್ರತಿ ಸ್ನಾಯುವನ್ನು ಅದು ಸುತ್ತಿಕೊಂಡಿದೆ. ಟೊಂಕದ ಹತ್ತಿರ ದಪ್ಪ ಪದರವಾಗಿ ಬೆನ್ನು, ಹೊಟ್ಟೆ, ಕುಂಡೆಯ ಸ್ನಾಯುಗಳನ್ನು ಒಂದಕ್ಕೊಂದು ಕೂಡಿಸುತ್ತದೆ. ಒಂದೇ ಭಂಗಿಯ ದುಡಿಮೆಯಿಂದಲೋ ಹಳೆಯ ಪೆಟ್ಟಿನಿಂದಲೋ ಆ ಭಾಗ ಬಿಗಿಯುತ್ತದೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ನೋಯುವ ಸ್ನಾಯುಗಂಟುಗಳೂ ಇರುತ್ತವೆ. ಇವುಗಳ ನಕ್ಷೆಯನ್ನು ವಿವರವಾಗಿ ಬರೆದವರು ಅಮೆರಿಕದ ಅಧ್ಯಕ್ಷ ಕೆನಡಿಯವರ ವೈದ್ಯೆಯಾಗಿದ್ದ ಜಾನೆಟ್ ಟ್ರಾವೆಲ್. ಡೇವಿಡ್ ಸೈಮನ್ಸ್ ಜೊತೆ ಅವರು ಬರೆದ ಕೈಪಿಡಿ 1983ರಲ್ಲಿ ಬಂತು.

ಮೊದಲ ದಿನದ ಬಹುಪಾಲು ಹೊತ್ತು ಮಾತಿಗೇ ಹೋಗುತ್ತದೆ, ಹೋಗಬೇಕು ಕೂಡ. ನೋವು ಯಾವಾಗ ಶುರುವಾಯಿತು, ಬಗ್ಗಿದರೆ ಹೆಚ್ಚೋ ಕೂತರೆ ಹೆಚ್ಚೋ, ಕಾಲಿಗೆ ಇಳಿಯುತ್ತದೆಯೋ? ಥೆರಪಿಸ್ಟ್ ಮರಾಠಿಯವರಾದರೆ ನೋವನ್ನೂ ಜೋಮನ್ನೂ ಬೇರೆ ಬೇರೆಯಾಗಿ ಹೇಳಿ. ಜೋಮಿಗೆ ಅವರು ‘ಮುಂಗ್ಯಾ ಯೇಣೆ’ ಎನ್ನುತ್ತಾರೆ. ಎರಡನ್ನೂ ‘ದುಖತೆ’ ಎಂದುಬಿಟ್ಟರೆ ನರ ಒತ್ತಿದ ಸುಳಿವು ತಪ್ಪಿಹೋದೀತು. ಆಮೇಲೆ ನಿಲ್ಲಿಸಿ, ಬಗ್ಗಿಸಿ, ತಿರುಗಿಸಿ ನೋಡುತ್ತಾರೆ. ಏನೂ ಕೇಳದೆ ನೇರ ಮಂಚಕ್ಕೆ ಕರೆದರೆ ಅಲ್ಲಿಂದ ಎದ್ದು ಬರುವುದೇ ಲೇಸು.

ಬೆನ್ನು ಕಾಣುವಂತೆ ಸಡಿಲ ಬಟ್ಟೆ ತೊಟ್ಟು ಹೋಗಿ. ಹೆಣ್ಣುಮಕ್ಕಳು ಪರದೆ ಕೇಳಬಹುದು, ಮನೆಯವರನ್ನು ಜೊತೆಗೆ ಕೂರಿಸಿಕೊಳ್ಳಬಹುದು, ಇದರಲ್ಲಿ ಸಂಕೋಚವೇನಿಲ್ಲ.

ಎಣ್ಣೆ ಹಚ್ಚುವುದಿಲ್ಲ, ಹಚ್ಚಿದರೂ ತೀರ ಕಡಿಮೆ. ಕೈ ಜಾರಿದರೆ ಪದರ ಹಿಡಿತಕ್ಕೆ ಸಿಗುವುದಿಲ್ಲ. ಅಂಗೈ, ಬೆರಳು ಅಥವಾ ಮೊಣಕೈಯಿಂದ ಬಿಗಿದ ಜಾಗವನ್ನು ನಿಧಾನ ಒತ್ತಿ, ತುಸು ಎಳೆದು ಹಾಗೆಯೇ ಹಿಡಿದಿಡುತ್ತಾರೆ. ಒಂದೊಂದು ಜಾಗಕ್ಕೆ ಸಾಮಾನ್ಯವಾಗಿ ಒಂದೂವರೆಯಿಂದ ಐದು ನಿಮಿಷ. ಸಡಿಲವಾಯಿತೆನಿಸಿದಾಗ ಕೈ ಮುಂದಕ್ಕೆ ಸರಿಯುತ್ತದೆ. ಇಡೀ ಸೆಷನ್ ಅರ್ಧ ತಾಸಿನಿಂದ ಒಂದು ತಾಸು. ಹಿತವಾದ ನೋವು ಇರಬಹುದು, ಉಸಿರು ಬಿಗಿಹಿಡಿಯುವಂಥದ್ದಲ್ಲ. ಅಷ್ಟು ನೋವಾದರೆ ಕೂಡಲೇ ಹೇಳಿ. ನೋವಾದಷ್ಟೂ ಗುಣ ಎಂಬುದು ನಮ್ಮ ಕಡೆಯ ಗಟ್ಟಿ ನಂಬಿಕೆ. ಇಲ್ಲಿ ಅದು ನಡೆಯುವುದಿಲ್ಲ: ನೋವಿಗೆ ಮೈ ಸೆಟೆದರೆ ಸಡಿಲಿಸಬೇಕಾದ್ದೇ ಬಿಗಿಯುತ್ತದೆ. ಒಂದೆರಡು ದಿನ ಮೈಕೈ ನೋವಿದ್ದರೆ ಸಹಜ.

ಪೊರೆಯನ್ನು ಕೈಯಿಂದ ‘ಬಿಡಿಸುತ್ತೇವೆ’ ಎನ್ನುವವರ ಮಾತನ್ನು ಅರ್ಧಕ್ಕರ್ಧ ಕಳೆದು ಕೇಳಿ. ಅಂಗಾಲು ಮತ್ತು ತೊಡೆಯ ಹೊರಬದಿಯ ಗಟ್ಟಿ ಫ್ಯಾಶಿಯಾವನ್ನು ಶೇಕಡಾ 1ರಷ್ಟು ಒತ್ತಿ ಸರಿಸಲೂ ಮನುಷ್ಯನ ಕೈಗೆ ಮೀರಿದ ಬಲ ಬೇಕೆಂದು 2008ರ ಒಂದು ಗಣಿತ ಅಧ್ಯಯನ ಲೆಕ್ಕ ಹಾಕಿತು. ಹಿತವೆನಿಸುವುದಕ್ಕೆ ನರಗಳು ಒತ್ತಡಕ್ಕೆ ಪ್ರತಿಕ್ರಿಯಿಸಿ ಸ್ನಾಯು ಸಡಿಲಗೊಳ್ಳುವುದು ಕಾರಣವಿರಬಹುದು. ಬಹುಕಾಲದ ಟೊಂಕ ನೋವಿನ ಪ್ರಯೋಗಗಳಲ್ಲಿ ಉಪಶಮನ ಕಂಡಿದೆ, ಆದರೆ ಪ್ರಯೋಗಗಳು ಹೆಚ್ಚಾಗಿ ಸಣ್ಣವು. ಹಾಗಾಗಿ ಒಳ್ಳೆಯ ಥೆರಪಿಸ್ಟ್ ಕೈ ತೆಗೆದ ತಕ್ಷಣ ವ್ಯಾಯಾಮ ಹೇಳಿಕೊಡುತ್ತಾರೆ. ಅದನ್ನು ಮನೆಯಲ್ಲಿ ಮಾಡದೆ ವಾರಕ್ಕೊಮ್ಮೆ ಮಂಚದ ಮೇಲೆ ಮಲಗಿ ಬರುವುದು ದುಡ್ಡಿನ ದಂಡ.

ರಕ್ತ ತೆಳುಮಾಡುವ ಮಾತ್ರೆ ತಗೊಳ್ಳುವವರು, ಮೂಳೆ ಸವೆದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಮೊದಲು ಡಾಕ್ಟರರನ್ನು ಕೇಳಬೇಕು. ಹೊಸ ಮೂಳೆ ಮುರಿತ, ಗಾಯ, ಜ್ವರ ಇದ್ದರೆ ಅಥವಾ ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಒತ್ತಿಸಿಕೊಳ್ಳಲೇಬಾರದು. ಬೆನ್ನು ನೋವಿನ ಜೊತೆ ಸಂಜೆ ಜ್ವರ, ತೂಕ ಇಳಿತ ಇದ್ದರೆ ಬೆನ್ನುಮೂಳೆಯ ಕ್ಷಯವೋ ಎಂದು ಪರೀಕ್ಷಿಸಬೇಕು. ತೊಡೆಸಂದಿ ಮರಗಟ್ಟಿ ಮೂತ್ರದ ಹಿಡಿತ ತಪ್ಪಿದರೆ ಅಂದೇ ದೊಡ್ಡಾಸ್ಪತ್ರೆಗೆ ಹೊರಡಬೇಕು; ಲಾತೂರು, ಬೀದರ, ಸೊಲ್ಲಾಪುರ ಮೂರರಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ.

ಬೋರ್ಡಿನ ಮೇಲೆ ‘ಥೆರಪಿ’ ಎಂದು ಯಾರು ಬೇಕಾದರೂ ಬರೆಸಬಹುದು. ಫಿಸಿಯೊಥೆರಪಿಯ ಪದವಿ ಬಿಪಿಟಿ ಓದಿದ್ದಾರೆಯೇ, ಮಹಾರಾಷ್ಟ್ರದ ಫಿಸಿಯೊಥೆರಪಿ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಇದೆಯೇ ಎಂದು ಕೇಳಿ. ‘ಹತ್ತು ಸೆಷನ್ನಿನ ದುಡ್ಡು ಮುಂಗಡ ಕೊಡಿ’ ಎಂದರೆ ಒಪ್ಪಬೇಡಿ. ಮೂರು ನಾಲ್ಕು ಸಲ ಹೋಗಿ ಬಂದರೂ ಬಗ್ಗಿ ಚಪ್ಪಲಿ ಹಾಕಿಕೊಳ್ಳುವುದು ಸುಲಭವಾಗದಿದ್ದರೆ, ಮತ್ತೇನಾದರೂ ಕಾರಣವಿದೆಯೇ ನೋಡಿ ಎಂದು ಅವರನ್ನೇ ಕೇಳಿ.