ದಿಕ್ಕಿಲ್ಲದ ನಾಯಿಗೆ ಮನೆಯ ನಾಯಿಯೇ ಗುರು

ಯಲ್ಲಾಪುರ ತಾಲೂಕಿನ ನಂದೊಳ್ಳಿಯಂತಹ ಅಡಿಕೆ ತೋಟದ ಊರುಗಳಲ್ಲಿ ಮಂಗಗಳ ಬರವನ್ನು ಕೂಗಿ ತಿಳಿಸುವ ಮನೆಯ ನಾಯಿಯು, ದಿಕ್ಕಿಲ್ಲದ ನಾಯಿಗೆ ಆಶ್ರಯವಿತ್ತವರಿಗೂ ಸಹಾಯಕವಾಗುವುದು. ಬೆದರಿದ ಪ್ರಾಣಿಯು ಮನುಷ್ಯನಿಗಿಂತ ಮೊದಲು ಸ್ವಜಾತಿಯನ್ನು ನಂಬುವುದುಂಟು. ಹಳೆಯ ನಾಯಿಯು ಯಜಮಾನನ ಬಳಿಗೆ ನಿರ್ಭಯವಾಗಿ ಬರುವುದನ್ನೂ, ದನಕರುಗಳನ್ನು ಅಟ್ಟದೆ ಕೊಟ್ಟಿಗೆಯ ಮುಂದೆ ಮಲಗುವುದನ್ನೂ ಕಂಡು ಹೊಸದೂ ಮೆಲ್ಲನೆ ಕಲಿಯುವುದು.

ಆದರೆ ಆತುರವು ಸಲ್ಲದು. ಹುಚ್ಚುನಾಯಿರೋಗವು ಲಕ್ಷಣ ತೋರಿದ ಮೇಲೆ ಬಹುತೇಕ ಮಾರಕವೇ. ಆದುದರಿಂದ ಹೊಸ ನಾಯಿಯನ್ನು ಮೊದಲು ಪ್ರತ್ಯೇಕವಾಗಿ ಇರಿಸಿ, ಪಶುವೈದ್ಯರಿಗೆ ತೋರಿಸಿ, ಎರಡಕ್ಕೂ ಲಸಿಕೆ ಹಾಕಿಸತಕ್ಕದ್ದು. ಬಳಿಕ ಅಂಗಳದ ಹೊರಗೆ ಭೇಟಿ ಮಾಡಿಸಬೇಕು. ಅನ್ನವನ್ನು ಬೇರೆ ಬೇರೆಯಾಗಿ ಇಡಬೇಕು. ಹಳೆಯದು ಗುರುಗುಟ್ಟಿದರೆ ಹೊಡೆಯಕೂಡದು. ದೂರ ಸರಿಸಿ ಮರುದಿನ ಪ್ರಯತ್ನಿಸಬೇಕು.

2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಂತೆ ಬೀದಿನಾಯಿಗಳ ಸಂತಾನಹರಣ ಮತ್ತು ಲಸಿಕೆಯ ಹೊಣೆಯು ಸ್ಥಳೀಯ ಸಂಸ್ಥೆಗಳದು. ಗ್ರಾಮಮುಖ್ಯರು ಇದನ್ನು ಮರೆಯಲಾಗದು.